ಗಾಜಿನ ಕೊಳವೆಯ ಮುಂದೆ ಇಪ್ಪತ್ತು ನಿಮಿಷ



ನಮ್ಮ ದೊಡ್ಡಮ್ಮ ಇರುವುದು ಹೊಸೂರಿನಿಂದ ತಳಿ ದಾಟಿ, ಜವಳಗಿರಿ ಕಾಡಿನ ಅಂಚಿಗಿರುವ ಒಂದು ಹಳ್ಳಿಯಲ್ಲಿ. ಕೆಲವು ವರ್ಷಗಳ ಹಿಂದಿನ ಮಾತು. ರಾಗಿ ತೆನೆ ಬಲಿಯುವ ಕಾಲ. ರಾತ್ರಿ ಊಟ ಮುಗಿಸಿ, ಬೆಳಗಿನ ಒಲೆಗೆ ಇರಲಿ ಎಂದು ಹಿತ್ತಿಲ ಸೌದೆಗೆ ಕೈ ಹಾಕಿದ್ದಾರೆ. ಏನೋ ಚುಚ್ಚಿತು, ಏನೋ ಸರಿದುಹೋಯಿತು. ಪಕ್ಕದ ಮನೆಯವರು ಓಡಿಬಂದು ತೋಳಿಗೆ ಟವಲು ಬಿಗಿದರು. 108ಕ್ಕೆ ಫೋನು ಹೋಯಿತು. ಗಾಡಿ ಬಂತು. ಆದರೆ ವಾಪಸು ಹೊರಟಾಗ ದಾರಿಯಲ್ಲಿ ಆನೆಗಳು. ಬನ್ನೇರುಘಟ್ಟದ ಕಡೆಯಿಂದ ರಾಗಿ ಹೊಲ ಹುಡುಕಿಕೊಂಡು ಬರುವ ಗುಂಪು ರಸ್ತೆಯಲ್ಲಿ ನಿಂತಿದ್ದರೆ ಸೈರನ್ನಿಗೆ ಬೆಲೆಯಿಲ್ಲ. ಡ್ರೈವರು ದೀಪ ಆರಿಸಿ ಕಾದ. ಆ ಕಾಡಿನಂಚಿನಲ್ಲಿ ಹುಷಾರಿಲ್ಲದವರ ಮೊದಲ ಸರದಿ ಆಸ್ಪತ್ರೆಯಲ್ಲಿ ಶುರುವಾಗುವುದಿಲ್ಲ, ಆನೆಯ ಹಿಂದೆ ಶುರುವಾಗುತ್ತದೆ.

ನಾನು ಹೊಸೂರಿನಿಂದ ಹೋಗಿ ಸೇರಿಕೊಂಡದ್ದು ಆಸ್ಪತ್ರೆಯಲ್ಲೇ. ಸರ್ಕಾರಿ ಆಸ್ಪತ್ರೆ, ಈ ಕಡೆಯವರ ಬಾಯಲ್ಲಿ ಜಿ.ಎಚ್. ಯಾವ ಊರಿನದು ಎಂಬುದು ಬೇಡ. ಸಿಸ್ಟರ್ ಒಬ್ಬಳು ಬಂದು ಕಟ್ಟು ಬಿಚ್ಚಿದಳು, ನಾಡಿ ನೋಡಿದಳು, ಬಿ.ಪಿ. ನೋಡಿದಳು. ಬಗ್ಗಿ ಕೇಳಿದಳು, "ವಲಿ ಇರುಕ್ಕಾ ಪಾಟಿ?" ನೋವಿದೆಯಾ ಅಜ್ಜಿ ಎಂದು. ದೊಡ್ಡಮ್ಮನಿಗೆ ಸಂತೆ ತಮಿಳು ಚೆನ್ನಾಗಿ ಬರುತ್ತದೆ. ಆದರೆ ಸಂತೆಯಲ್ಲಿ ಯಾರೂ ನೋವಿನ ವ್ಯಾಪಾರ ಮಾಡುವುದಿಲ್ಲವಲ್ಲ. ಗಾಬರಿಯಲ್ಲಿ ಅವರಿಗೆ ಕೇಳಿಸಿದ್ದೇ ಬೇರೆ. "ಇಲಿ ಅಲ್ಲ ಕಣಮ್ಮ, ಹಾವು!" ಎಂದು ಅರಚಿದರು.

ಆಮೇಲೆ ಆ ಸಿಸ್ಟರ್ ಒಂದಿಷ್ಟು ರಕ್ತ ಎಳೆದು, ಗಾಜಿನ ಪುಟ್ಟ ಕೊಳವೆಗೆ ಬಿಟ್ಟು, ಅದನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೊರಟೇಹೋದಳು. ಐದು ನಿಮಿಷ, ಹತ್ತು ನಿಮಿಷ, ಯಾರೂ ಬರಲಿಲ್ಲ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದ ಒಬ್ಬ ಹುಡುಗನನ್ನು ತಂದರು. ನಮಗಿಂತ ಹಿಂದೆ ಬಂದವನ ಸುತ್ತ ಡಾಕ್ಟರು, ಸಿಸ್ಟರು ಎಲ್ಲರೂ ನೆರೆದರು. ನನ್ನ ಪಿತ್ತ ನೆತ್ತಿಗೇರಿತು. ಹೋಗಿ ಜಗಳ ಆಡಿದೆ. ಅವರೂ ರೇಗಿದರು. ಯಾಕೆ ಕಾಯಬೇಕು ಎಂದು ಮಾತ್ರ ಯಾರೂ ಹೇಳಲಿಲ್ಲ.

ಇವತ್ತು ನಾನು ಹೇಳಹೊರಟಿರುವುದು, ಅಂದು ನನಗೆ ಯಾರೂ ಹೇಳದೆ ಬಿಟ್ಟದ್ದನ್ನು.

ಮೊದಲು ಆ ಗಾಜಿನ ಕೊಳವೆ. ಕೊಳಕುಮಂಡಲ, ಗರಗಸಮಂಡಲ, ಈ ಎರಡು ಹಾವುಗಳ ವಿಷ ರಕ್ತಕ್ಕೆ ಇಳಿದರೆ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಅದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಡ. ಚೊಕ್ಕಟವಾದ ಒಣ ಗಾಜಿನ ಕೊಳವೆಯಲ್ಲಿ ಸುಮಾರು 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಬಿಡಬೇಕು. ಆಮೇಲೆ ಓರೆ ಮಾಡಿ ನೋಡಬೇಕು. ಮೊಸರಿನ ಹಾಗೆ ಕಟ್ಟಿದ್ದರೆ ಸದ್ಯಕ್ಕೆ ಸರಿ. ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ, ಆಗ ಹಾವಿನ ವಿಷದ ಮದ್ದು ಹಾಕಲೇಬೇಕು. ಪ್ಲಾಸ್ಟಿಕ್ ಕೊಳವೆಯಲ್ಲಿ ಈ ಪರೀಕ್ಷೆ ಆಗದು, ರಕ್ತ ಹೆಪ್ಪಾಗಲು ಗಾಜಿನ ಸ್ಪರ್ಶ ಬೇಕು. ಅಂದರೆ ನನ್ನ ಕಣ್ಣಿಗೆ ಏನೂ ನಡೆಯುತ್ತಿಲ್ಲ ಎಂದು ಕಂಡ ಆ 20 ನಿಮಿಷಗಳೇ ದೊಡ್ಡಮ್ಮನ ಚಿಕಿತ್ಸೆಯ ಮುಖ್ಯ ಭಾಗವಾಗಿದ್ದವು. ಸಿಟ್ಟಿನಲ್ಲಿ ನಾನೇನಾದರೂ ಆ ಸ್ಟ್ಯಾಂಡು ಅಲ್ಲಾಡಿಸಿದ್ದರೆ ಪರೀಕ್ಷೆಯೇ ಕೆಡುತ್ತಿತ್ತು.

ಹಾಗಾದರೆ ಬಂದ ಕೂಡಲೇ ಮದ್ದು ಕೊಟ್ಟುಬಿಡಬಾರದೇ? ವಿಷ ಏರಿದ ಲಕ್ಷಣ ಕಾಣದೆ ಕೊಡಬಾರದು. ಅದು ಕುದುರೆಯ ರಕ್ತದಿಂದ ತಯಾರಾಗುವ ಮದ್ದು, ಕೆಲವರ ಮೈಗೆ ಒಗ್ಗದೆ ಉಸಿರೇ ಕಟ್ಟಬಹುದು. ವಿಷವಿಲ್ಲದ ಹಾವೂ ಕಚ್ಚಿರಬಹುದು, ವಿಷದ ಹಾವು ವಿಷ ಬಿಡದೆಯೂ ಕಚ್ಚಿರಬಹುದು. ನಾಗರಹಾವು ಮತ್ತು ಕಟ್ಟುಹಾವಿನ ವಿಷವಾದರೆ ನರಗಳಿಗೆ ಹೋಗುತ್ತದೆ, ಗಾಜಿನ ಕೊಳವೆ ಅದನ್ನು ಹೇಳುವುದಿಲ್ಲ. ಅದಕ್ಕೇ ಸಿಸ್ಟರ್ ಆಗಾಗ ಬಂದು ರೆಪ್ಪೆ ಜೋಲುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ನೋಡುವುದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಹೊತ್ತು ಕಚ್ಚುತ್ತದೆ. ಊತವಿಲ್ಲ, ನೋವಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದವರಿಗೆ ಹಾವಿನ ನೆನಪೇ ಬರುವುದಿಲ್ಲ.

ನಾಲ್ಕೂ ಹಾವುಗಳಿಗೆ ಮದ್ದು ಒಂದೇ. ಆದ್ದರಿಂದ ಹಾವನ್ನು ಹೊಡೆದು ಚೀಲದಲ್ಲಿ ತರುವ ಸಾಹಸ ಬೇಡ. ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ. ಕೈಯೋ ಕಾಲೋ ಅಲ್ಲಾಡದಂತೆ ನೋಡಿಕೊಂಡು, ಕಚ್ಚಿದ ಹೊತ್ತು ಎಷ್ಟು ಎಂದು ನೆನಪಿಟ್ಟುಕೊಂಡು ಹೊರಡುವುದು. ಕರ್ನಾಟಕವೂ ತಮಿಳುನಾಡೂ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದವು.

ಇನ್ನು ಆ ಬೈಕಿನ ಹುಡುಗ. ರಾಯಕೋಟೆಯ ಟೊಮೆಟೊ ಮಂಡಿಯನ್ನು ನೋಡಿದವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಅಲ್ಲಿ ಹಣ್ಣು ಆರಿಸುವವರು ಯಾರ ಕ್ರೇಟು ಮೊದಲು ಬಂತು ಎಂದು ನೋಡುವುದಿಲ್ಲ. ಇವತ್ತೇ ಹೋಗಬೇಕಾದದ್ದು ಯಾವುದು, ನಾಳೆಯವರೆಗೆ ತಡೆಯುವ ದೋರಗಾಯಿ ಯಾವುದು ಎಂದು ನೋಡುತ್ತಾರೆ. ತುರ್ತು ವಿಭಾಗದಲ್ಲೂ ಹಾಗೆಯೇ ಕೆಂಪು, ಹಳದಿ, ಹಸಿರು ಎಂದು ವಿಂಗಡಣೆ. ಉಸಿರು, ನಾಡಿ, ಪ್ರಜ್ಞೆ ತಪ್ಪುತ್ತಿರುವವರು ಕೆಂಪು. ದೊಡ್ಡಮ್ಮ ಇಲಿಯ ವಿಚಾರವಾಗಿ ಅರಚಾಡುವಷ್ಟು ಗಟ್ಟಿಯಾಗಿದ್ದರು. ಹುಡುಗನಿಗೆ ಮಾತೇ ಇರಲಿಲ್ಲ. ಹೀಗಾಗಿ ನಮ್ಮನ್ನು ಕಾಯಿಸಿದ್ದು ತಪ್ಪಲ್ಲ. ಆದರೆ ಒಂದು ಮಾತು ಹೇಳದೆ ಕಾಯಿಸಿದ್ದು ತಪ್ಪೇ. ಅದರಲ್ಲಿ ನಾನು ಇವತ್ತಿಗೂ ರಾಜಿಯಾಗಿಲ್ಲ. "20 ನಿಮಿಷ ಬೇಕು, ಮುಟ್ಟಬೇಡಿ" ಎನ್ನಲು ಎಷ್ಟು ಹೊತ್ತು ಬೇಕು?

ಯಾವ ಭಾಷೆಯಲ್ಲಿ ಎಂದು ಕೇಳುತ್ತೀರಿ. ಅದೂ ನಿಜ. 1956ರಲ್ಲಿ ಭಾಷೆಗೆ ತಕ್ಕಂತೆ ರಾಜ್ಯಗಳ ಗಡಿ ಎಳೆದಾಗ ಈ ಸೀಮೆ ಮದರಾಸು ರಾಜ್ಯದಲ್ಲಿ ಉಳಿಯಿತು. ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗಿನ ಕನ್ನಡ, ತೆಲುಗು ಬದಲಾಗಲಿಲ್ಲ. ಕಾಯಿಲೆ ಕನ್ನಡದಲ್ಲಿ, ವಿಚಾರಣೆ ತಮಿಳಿನಲ್ಲಿ, ಚೀಟಿ ಇಂಗ್ಲಿಷಿನಲ್ಲಿ. ಮಾತ್ರೆ, ಭೇದಿ, ಕಾಮಾಲೆ ಎರಡು ಭಾಷೆಗೂ ಸೇರಿದವು, ತೊಂದರೆಯಿಲ್ಲ. ತಮಿಳಿನ ವಯಿರು ಎಂದರೆ ಹೊಟ್ಟೆ, ಅದರ ಸೋದರ ಪದವೇ ನಮ್ಮ ಬಸಿರು. ಹಳಗನ್ನಡದಲ್ಲಿ ಅದಕ್ಕೂ ಹೊಟ್ಟೆ ಎಂಬ ಅರ್ಥವಿತ್ತು, ಈಗ ಗರ್ಭವೇ ಮುಖ್ಯವಾಗಿದೆ. ನಗು ಬರುವುದು ಇಲ್ಲಿಯವರೆಗೆ ಮಾತ್ರ. ನಮ್ಮ ಹೆಂಗಸರು "ಯಾಕೋ ಸಂಕಟ" ಎನ್ನುತ್ತಾರಲ್ಲ, ಅದು ವಾಕರಿಕೆಯೂ ಹೌದು, ಎದೆಯ ಹಿಂಸೆಯೂ ಹೌದು. ತಮಿಳಿನ ಸಂಗಡಂ ಎಂದರೆ ಬರೀ ಕಷ್ಟ, ಮುಜುಗರ. ಸಕ್ಕರೆ ಕಾಯಿಲೆ ಇದ್ದವರಿಗೆ ಹೃದಯಾಘಾತ ಎದೆನೋವೇ ಇಲ್ಲದೆ, ಬೆವರು, ಉಬ್ಬಸ, ಸಂಕಟದ ರೂಪದಲ್ಲಿ ಬರಬಹುದು. ಅಂಥ ಹೊತ್ತಿನಲ್ಲಿ ಗ್ಯಾಸಿನ ಮಾತ್ರೆ ನುಂಗಿ ಮಲಗಿಬಿಟ್ಟರೆ? ಸಂಕಟ ಎಂಬ ಒಂದೇ ಮಾತಿಗೆ ನಿಲ್ಲಿಸದೆ ಎಲ್ಲಿ, ಯಾವಾಗಿನಿಂದ, ಬೆವರಿತೇ ಎಂದು ಬಿಡಿಸಿ ಹೇಳಿ, ಕೈಯಿಟ್ಟು ತೋರಿಸಿ. ಮನೆಯಲ್ಲಿ ನುಂಗುತ್ತಿರುವ ಮಾತ್ರೆಗಳ ಹಾಳೆಯನ್ನು ಜೊತೆಗೆ ಒಯ್ಯಿರಿ, ಅದಕ್ಕೆ ಅನುವಾದ ಬೇಡ. 2023ರಿಂದ ತಮಿಳುನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಹೃದಯಾಘಾತದ ಮೊದಲ ಮಾತ್ರೆಗಳನ್ನು ಕೊಟ್ಟು ಮುಂದೆ ಕಳಿಸುವ ಏರ್ಪಾಟಿದೆ. ಆಸ್ಪಿರಿನ್, ಕ್ಲೋಪಿಡೊಗ್ರೆಲ್, ಅಟೊರ್ವಾಸ್ಟಾಟಿನ್. ಆದರೆ ಅವು ಬಾಯಿಗೆ ಬೀಳಬೇಕಾದರೆ ಮೊದಲು ಸಂಕಟ ಅರ್ಥವಾಗಬೇಕು.

ಭಾಷೆಯ ವಿಷಯದಲ್ಲಿ ನನಗೆ ಹಿಡಿಸಿದ ಯೋಜನೆ ಒಂದಿದೆ. 2021ರ ಆಗಸ್ಟ್ 5ರಂದು ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಶುರುಮಾಡಿದ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿಕೊಂಡು ಬರುವ ಚಿಕಿತ್ಸೆ. ಬಿ.ಪಿ., ಸಕ್ಕರೆಯ ಮಾತ್ರೆ ಮನೆಬಾಗಿಲಿಗೆ ಬರುತ್ತದೆ. ತರುವವಳು ಆಸುಪಾಸಿನ ಹೆಂಗಸೇ ಆಗಿದ್ದರೆ ಸಂಕಟ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಗಡಿ. ಹುಡುಗನ ಬೈಕು ಕರ್ನಾಟಕದ ನಂಬರಿನದು. ಅವನ ಜೊತೆಯವರಿಗೆ ದುಡ್ಡಿನ ಚಿಂತೆ. ಆದರೆ ತಮಿಳುನಾಡಿನಲ್ಲಿ 2021ರ ಡಿಸೆಂಬರಿನಿಂದ ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ ಚಿಕಿತ್ಸೆ ಉಚಿತ. ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗಳಲ್ಲೂ ಉಂಟು. ಶುರುವಾದಾಗ 1 ಲಕ್ಷ ರೂಪಾಯಿ ಮಿತಿ. ಗಾಯಾಳು ಯಾವ ರಾಜ್ಯದವನು ಎಂಬ ಪ್ರಶ್ನೆಯಿಲ್ಲ. ತಲೆಗೆ ಪೆಟ್ಟಾದರೆ ಮಾತ್ರ ಮನೆಯವರ ಕಣ್ಣು ಬೆಂಗಳೂರಿನ ನಿಮ್ಹಾನ್ಸ್ ಕಡೆಗೇ ಹೋಗುತ್ತದೆ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್, ಕೃಷ್ಣಗಿರಿ 50. ಕೃಷ್ಣಗಿರಿಗೆ 2022ರ ಜನವರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಆದರೂ ಜನ ಅತ್ತಿಬೆಲೆಯ ದಾರಿಯನ್ನೇ ಹಿಡಿಯುತ್ತಾರೆ. ಆ ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕಾಸರಗೋಡಿನ ಕನ್ನಡಿಗರನ್ನು ಕೇಳಬೇಕು. 2020ರ ಮಾರ್ಚಿನಲ್ಲಿ ಕೊರೋನಾ ಭಯಕ್ಕೆ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ನಿಂತುಬಿಟ್ಟರು, ಕೆಲವರು ಜೀವ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲಿನಲ್ಲಿ ರೋಗಿಗಳನ್ನು ಬಿಡುವ ಒಪ್ಪಂದವಾಯಿತು.

ದೊಡ್ಡಮ್ಮನ ರಕ್ತ ಹೆಪ್ಪುಗಟ್ಟಿತ್ತು. ಆದರೂ 24 ಗಂಟೆ ಬಿಡಲಿಲ್ಲ. ಮತ್ತೆ ಮತ್ತೆ ಕೊಳವೆ, ಮತ್ತೆ ಮತ್ತೆ ರೆಪ್ಪೆ. ಬೆಳಗ್ಗೆ ಪಾಳಿ ಬದಲಾಗಿ ಹೊಸ ಹುಡುಗಿ ಬಂದಳು. ಹೊರಡುವಾಗ ಅವಳು ಕೊಟ್ಟ ಮಾತ್ರೆಯ ಕವರುಗಳ ಮೇಲೆ ಯಾವ ಭಾಷೆಯೂ ಇರಲಿಲ್ಲ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಬಾಗಿದ ಗೆರೆಯ ಚಂದ್ರ. ಬಸ್ಸಿನಲ್ಲಿ ಕೂತು ದೊಡ್ಡಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹೇಳಿದರು, "ಅಲ್ಲ ಕಣಪ್ಪ, ಚೌತಿ ಚಂದ್ರನ್ನ ಬರ್ದು ಕೊಟ್ಟವ್ಳಲ್ಲ ಈ ಹುಡ್ಗಿ, ಇದನ್ನ ನೋಡಿ ನುಂಗ್ಲಾ, ನೋಡ್ದೆ ನುಂಗ್ಲಾ?"