ಭುಜದ ನೋವು ಮತ್ತು ಸ್ಟಿರಾಯ್ಡ್ ಸೂಜಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡಪ್ಪ" ಎಂದರು. ಕಂಪ್ಯೂಟರ್ ಬಗ್ಗೆ ಈ ಮಕ್ಕಳಿಗೆ ನನಗಿಂತ ಹೆಚ್ಚು ಗೊತ್ತಿದೆ. ಹಾಗಾಗಿ ಅವರ ಅಪ್ಪಣೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ: ಭುಜದ ನೋವು, ಅದಕ್ಕೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್. ನಾನು ಬಿ.ಇ. ಓದಿದವನು, ಡಾಕ್ಟರಲ್ಲ. ಅವ್ವನ ಜೊತೆ ದವಾಖಾನೆ ತಿರುಗಿ, ಕೇಳಿ, ಓದಿ ತಿಳಿದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಜಿಲ್ಲೆ ಹೆಗಲಿನ ಮೇಲೆ ನಡೆಯುವ ಜಿಲ್ಲೆ. ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಹಮಾಲರು ಚೀಲ ಹೊರುತ್ತಾರೆ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ಕಳೆ ತೆಗೆದು, ಸಂಜೆ ನೀರಿನ ಕೊಡ ಹೊರುತ್ತಾರೆ. ಆದರೆ ಭುಜ ಹಿಡಿದುಕೊಳ್ಳುವುದು ದುಡಿದವರಿಗೆ ಮಾತ್ರ ಅಂತಲ್ಲ. ಬೆಂಗಳೂರಿನಲ್ಲಿ ಕೀಬೋರ್ಡ್ ಬಿಟ್ಟು ಬೇರೇನೂ ಎತ್ತದ ನನ್ನ ಸಹೋದ್ಯೋಗಿಗಳಲ್ಲೂ ಇದನ್ನು ನೋಡಿದ್ದೇನೆ.

ತೊಡೆಯ ಕೀಲಿಗಿರುವಂಥ ಆಳವಾದ ಗುಳಿ ಭುಜಕ್ಕಿಲ್ಲ. ಸಣ್ಣ ತಟ್ಟೆಯ ಮೇಲೆ ಚೆಂಡು ಇಟ್ಟ ಹಾಗೆ. ಅದು ಜಾರದಂತೆ ಹಿಡಿದಿಡಲು ನಾಲ್ಕು ಸ್ನಾಯುಗಳೂ ಸುತ್ತಲೂ ಚೀಲದಂಥ ಒಂದು ಪೊರೆಯೂ ಇವೆ. ಈ ಪೊರೆ ಉರಿಯೂತದಿಂದ ದಪ್ಪವಾಗಿ ಬಿಗಿದುಕೊಂಡರೆ ಕೈ ಮೇಲೇಳುವುದಿಲ್ಲ. ಅಮೆರಿಕದ ಡಾ. ಕಾಡ್ಮನ್ 1934ರಲ್ಲಿ ಇದನ್ನು 'ಫ್ರೋಜನ್ ಶೋಲ್ಡರ್' ಎಂದು ಕರೆದರು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು.

ನಮ್ಮವ್ವನಿಗೆ ಶುಗರ್ ಇದೆ. "ಕೈ ಮ್ಯಾಲ ಏಳವಲ್ದು ನೋಡಪಾ" ಅಂದಳು. ಹೆರಳು ಹಾಕಿಕೊಳ್ಳಲು ಆಗದು, ಆ ಮಗ್ಗುಲಿಗೆ ಮಲಗಲು ಆಗದು. ಹತ್ತಿರದ ಒಂದು ಕಡೆ ಹದಿನೈದು ದಿನಕ್ಕೊಮ್ಮೆ ಕುಂಡಿಗೆ ಸೂಜಿ, ಜೊತೆಗೆ ಕಾಗದದ ಪೊಟ್ಟಣದಲ್ಲಿ ಬಿಡಿ ಗುಳಿಗೆ. ನಾಲ್ಕು ದಿನ ಆರಾಮ, ಮತ್ತೆ ಅದೇ ಪಾಡು. ಯಾವ ಔಷಧಿ ಎಂದು ಕೇಳಿದರೆ "ನೋವಿಂದು" ಎಂಬ ಉತ್ತರ. ಇತ್ತ ಶುಗರ್ ಏರುತ್ತಲೇ ಇತ್ತು.

ಕೊನೆಗೆ ಎಲುಬು ಕೀಲಿನ ತಜ್ಞರ ಹತ್ತಿರ ಹೋದೆವು. ಅವರು ಮೊದಲು ಕೈ ಎತ್ತಿಸಿ, ತಿರುಗಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು, ಶುಗರ್ ಹತೋಟಿಗೆ ಬರುವ ತನಕ ಸೂಜಿ ಮಾಡುವುದಿಲ್ಲ ಎಂದರು. ಆಮೇಲೆ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡನ್ನು ಮರಗಟ್ಟಿಸುವ ಔಷಧಿಯೊಡನೆ ನೇರವಾಗಿ ಕೀಲಿನೊಳಗೆ ಕೊಟ್ಟರು. ಹೆಸರನ್ನು ಚೀಟಿಯಲ್ಲಿ ಬರೆದೂ ಕೊಟ್ಟರು.

ಇದರ ಕಥೆ ದೊಡ್ಡದು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಡಾ. ಹೆಂಚ್ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ ಯುವತಿಗೆ ಕಾರ್ಟಿಸೋನ್ ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಆದರೆ ಮೈಗೆಲ್ಲ ಹೋಗುವ ಸ್ಟಿರಾಯ್ಡ್ ಬಹಳ ದಿನ ನಡೆದರೆ ಮುಖ ಊದುತ್ತದೆ, ಎಲುಬು ಸವೆಯುತ್ತದೆ, ಸಕ್ಕರೆ ಏರುತ್ತದೆ ಎಂಬುದು ಬೇಗನೆ ಗೊತ್ತಾಯಿತು. ನೋವಿದ್ದ ಜಾಗಕ್ಕೇ ಸ್ವಲ್ಪ ಕೊಟ್ಟರೆ ಹೇಗೆ ಎಂದು 1951ರಲ್ಲಿ ಫಿಲಡೆಲ್ಫಿಯಾದ ಡಾ. ಹಾಲಂಡರ್ ಕೀಲಿನೊಳಗೆ ಕೊಟ್ಟು ತೋರಿಸಿದರು. ಕುಂಡಿಯ ಸೂಜಿಗೂ ಕೀಲಿನ ಸೂಜಿಗೂ ಇರುವ ವ್ಯತ್ಯಾಸ ಇದು. ಎರಡೂ ಒಂದೇ ಎಂದು ನಮ್ಮ ಕಡೆ ಬಹಳ ಮಂದಿ ತಿಳಿದಿದ್ದಾರೆ.

ಕೀಲಿನ ಸೂಜಿಯೂ ಮಾಯಾಜಾಲವಲ್ಲ. ಮರಗಟ್ಟಿದ್ದು ಕೆಲವು ಗಂಟೆಗೆ ಇಳಿಯುತ್ತದೆ. ಒಂದೆರಡು ದಿನ ನೋವು ಹೆಚ್ಚೂ ಆಗಬಹುದು. ನಿಜವಾದ ಗುಣ ಕಾಣುವುದು ಆಮೇಲೆ. ಅದು ಕೆಲವು ವಾರದಿಂದ ಕೆಲವು ತಿಂಗಳು ಇರುತ್ತದೆ. ನೋವು ಹೊಸದಿದ್ದಾಗ ಕೊಟ್ಟರೆ ಉಪಯೋಗ ಹೆಚ್ಚು. ಸಕ್ಕರೆ ಕೆಲವು ದಿನ ಏರುತ್ತದೆ, ಹಾಗಾಗಿ ಅವ್ವನಿಗೆ ದಿನಾ ಪರೀಕ್ಷೆ ಮಾಡಿದೆವು. ಜ್ವರ ಬಂದರೆ, ಜಾಗ ಕೆಂಪಾಗಿ ಬಾತರೆ ತಡಮಾಡದೆ ಓಡಬೇಕು. ಮೇಲಿಂದ ಮೇಲೆ ಚುಚ್ಚಿಸಿದರೆ ಸ್ನಾಯುರಜ್ಜು ದುರ್ಬಲವಾಗುತ್ತದೆ. ಚೀಲ ಹೊರುವ ಅಣ್ಣಂದಿರಿಗೆ ಈ ಮಾತು ಮುಖ್ಯ: ರಜ್ಜು ಹರಿದಿದ್ದರೆ ಸೂಜಿ ನೋವನ್ನು ಮುಚ್ಚುತ್ತದೆಯೇ ಹೊರತು ಹರಿದದ್ದನ್ನು ಹೊಲಿಯುವುದಿಲ್ಲ. ಅದು ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ, ಸ್ಕ್ಯಾನ್ ಬೇಕು.

ಅವ್ವನ ಕೈ ಮೇಲೆದ್ದದ್ದು ಸೂಜಿಯಿಂದ ಅರ್ಧ, ವ್ಯಾಯಾಮದಿಂದ ಅರ್ಧ. ಸೂಜಿ ನೋವು ಇಳಿಸಿತು. ಆ ಬಿಡುವಿನಲ್ಲಿ ಗೋಡೆಯ ಮೇಲೆ ಬೆರಳು ಏರಿಸುವುದು, ಬಗ್ಗಿ ಕೈಯನ್ನು ತೊಟ್ಟಿಲಿನಂತೆ ತೂಗುವುದು, ತಿಂಗಳುಗಟ್ಟಲೆ ನಡೆಯಿತು. ಗೋಡೆಗೆ ಸೀಮೆಸುಣ್ಣದ ಗೆರೆ ಹಾಕಿ ವಾರವಾರ ಅಳೆಯುವ ಕೆಲಸ ನನ್ನ ತಂಗಿಯದು. ಅವಳೂ ಈ ಶಾಲೆಯವಳೇ.

ಇನ್ನೆರಡು ಮಾತು. ಎಡಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು ಬಂದರೆ ಅದು ಭುಜದ್ದಲ್ಲದೆ ಹೃದಯದ್ದಿರಬಹುದು. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ. ಬಹಳ ದಿನದಿಂದ ಪೊಟ್ಟಣದ ಗುಳಿಗೆ ನುಂಗುತ್ತಿರುವವರು, ನನ್ನ ಮಾತು ಕೇಳಿ ಇವತ್ತೇ ಬಿಟ್ಟುಬಿಡಬೇಡಿ. ಸ್ಟಿರಾಯ್ಡ್ ಒಮ್ಮೆಲೇ ನಿಲ್ಲಿಸಿದರೂ ಅಪಾಯ. ಪೊಟ್ಟಣವನ್ನೇ ಜಿಲ್ಲಾ ಆಸ್ಪತ್ರೆಗೆ ಒಯ್ದು ತೋರಿಸಿ, ಅವರು ಹೇಳಿದಂತೆ ಇಳಿಸುತ್ತ ಬನ್ನಿ.

ಊಟಕ್ಕೆ ಮುಂಚೆ ಎಂಟನೇ ತರಗತಿಯ ಕೋಣೆಯಲ್ಲಿ ನಮ್ಮ ಬ್ಯಾಚಿನವರು ಬಿ.ಪಿ., ಶುಗರ್ ತಪಾಸಣೆ ಇಟ್ಟಿದ್ದೇವೆ. ಭುಜ ನೋಯುವವರು ಮೊದಲು ಅಲ್ಲಿಗೆ ಬನ್ನಿ.