ಹೊರಗೆ ಹಾವಿದೆ ಎಂದು ಮಕ್ಕಳನ್ನು ಒಳಗೇ ಕೂರಿಸಬೇಕೆ?



ಶಾಲೆಯ ಮಕ್ಕಳನ್ನು ಕೆರೆ ಏರಿಗೆ, ಗುಡ್ಡಕ್ಕೆ, ಹೊಲದ ಬದುವಿಗೆ ಕರೆದುಕೊಂಡು ಹೋಗಿ ಎಂದಾಗಲೆಲ್ಲ ಪೋಷಕರೂ ಶಿಕ್ಷಕರೂ ಕೇಳುವುದು ಒಂದೇ ಪ್ರಶ್ನೆ: 'ಹಾವು ಕಚ್ಚಿದರೆ ಹೊಣೆ ಯಾರು?' ಪರಿಸರ ಶಿಕ್ಷಣ ಬೇಕೋ ಬೇಡವೋ ಎಂಬ ಚರ್ಚೆ ಮುಗಿದುಹೋಗಿದೆ. ಸುಪ್ರೀಂ ಕೋರ್ಟ್ 1991ರಲ್ಲೇ ಅದನ್ನು ಕಡ್ಡಾಯ ಮಾಡಿ ಎಂದಿತು. ಪುಸ್ತಕಕ್ಕೆ ಪಾಠವೇನೋ ಬಂತು, ಮಕ್ಕಳು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಅವರನ್ನು ಅಲ್ಲಿ ಕೂರಿಸಿರುವುದು ಈ ಭಯ.

ಭಯಕ್ಕೆ ಕಾರಣವಿದೆ. ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಚ್ಚಿ ಸಾಯುತ್ತಾರೆಂಬ ಅಂದಾಜಿದೆ. ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಕಡ್ಡಾಯ ಮಾಡಿತು. ಆದರೆ ಹಾವು ಕಚ್ಚುವುದು ಎಲ್ಲಿ? ಕೆಲಸ ಮಾಡುವ ಹೊಲದಲ್ಲಿ, ಸೌದೆ ಒಟ್ಟಿದ ಕಡೆ, ಕತ್ತಲಲ್ಲಿ ಹಿತ್ತಲಿಗೆ ಹೋಗುವಾಗ. ಕಟ್ಟುಹಾವಂತೂ ನೆಲದ ಮೇಲೆ ಮಲಗಿದವರನ್ನು ನಡುರಾತ್ರಿ ಕಚ್ಚುತ್ತದೆ. ಹೆಚ್ಚು ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. 2019ರಲ್ಲಿ ಕೇರಳದ ವಯನಾಡಿನಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ಹಾವು ಕಚ್ಚಿದ್ದು ತರಗತಿಯ ಒಳಗೇ. ಆ ಮಗು ಉಳಿಯಲಿಲ್ಲ. ನಾಲ್ಕು ಗೋಡೆ ಕಾಪಾಡುತ್ತವೆ ಎನ್ನುವವರು ಇದನ್ನು ಯೋಚಿಸಬೇಕು. ಕಾಪಾಡುವುದು ತಿಳಿವಳಿಕೆ, ಅದು ಸಿಗುವುದು ಬಯಲಿನಲ್ಲಿ.

ಹಾವಿಗೆ ಹೊರಕಿವಿ ಇಲ್ಲ. ಅದರ ಕೆಳದವಡೆ ನೆಲಕ್ಕೆ ತಾಗಿರುತ್ತದೆ. ನೆಲ ಅದುರಿದರೆ ದವಡೆಯ ಮೂಳೆಯ ಮೂಲಕ ಒಳಕಿವಿಗೆ ತಿಳಿಯುತ್ತದೆ. ಒಂದು ತರಗತಿಯ ಮಕ್ಕಳು ನಡೆದು ಬರುತ್ತಿದ್ದರೆ ಕೇರೆ, ನಾಗರಗಳು ಸಾಮಾನ್ಯವಾಗಿ ಮೊದಲೇ ಸರಿದುಬಿಡುತ್ತವೆ. ಕೊಳಕುಮಂಡಲ ಹಾಗಲ್ಲ. ತರಗೆಲೆಯ ಬಣ್ಣಕ್ಕೆ ಹೊಂದಿಕೊಂಡು, ಸುರುಳಿ ಸುತ್ತಿ, ಇದ್ದಲ್ಲೇ ಇರುತ್ತದೆ. ಹತ್ತಿರ ಹೋದರೆ ಕುಕ್ಕರಿನಂತೆ ಬುಸುಗುಡುತ್ತದೆ. ಅದಕ್ಕೇ ನಾನು ಮಕ್ಕಳಿಗೆ ಹೇಳುವುದು ಒಂದೇ ನಿಯಮ: ಕಣ್ಣು ಹೋಗದ ಕಡೆ ಕೈ ಹೋಗಬಾರದು, ಕಾಲೂ ಹೋಗಬಾರದು. ಪೊದೆಗೆ ಬಿದ್ದ ಚೆಂಡನ್ನು ಕೋಲಿನಿಂದ ಎಳೆಯಿರಿ. ಕಲ್ಲಿನ ಸಂದಿಗೆ ಬೆರಳು ಹಾಕಬೇಡಿ. ಕಣ್ಣು ಹೋಗದ ಕಡೆ ಕೈ ಬೇಡ, ಕಾಲು ಬೇಡ.

ಒಮ್ಮೆ ತುಮಕೂರಿನ ಕಡೆ ಒಂದು ಶಾಲೆಯ ಕಾಂಪೌಂಡಿನ ಬುಡದಲ್ಲಿ ಕೇರೆಯ ಪೊರೆ ಸಿಕ್ಕಿತು. ಹುಡುಗರು ಕಲ್ಲು ಹುಡುಕತೊಡಗಿದರು. ಒಬ್ಬ ಹುಡುಗಿ ಮಾತ್ರ ಬಗ್ಗಿ ನೋಡಿ, 'ಸಾರ್, ಕಣ್ಣಿನ ಮೇಲಿಂದೂ ಬಂದಿದೆ!' ಎಂದಳು. ನಿಜ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೊಂದು ಪಾರದರ್ಶಕ ಹುರುಪೆ ಇರುತ್ತದೆ, ಪೊರೆಯ ಜೊತೆ ಅದೂ ಕಳಚುತ್ತದೆ. ಆಮೇಲೆ ಯಾರ ಕೈಯಲ್ಲೂ ಕಲ್ಲಿರಲಿಲ್ಲ, ಪ್ರಶ್ನೆಗಳಿದ್ದವು. ಹಾವು ಹಾಲು ಕುಡಿಯುತ್ತದಂತೆ, ಹನ್ನೆರಡು ವರ್ಷ ಹಗೆ ಇಟ್ಟುಕೊಳ್ಳುತ್ತದಂತೆ! ಇವನ್ನೆಲ್ಲ ಮಕ್ಕಳ ತಲೆಗೆ ತುಂಬಿದವರು ನಾವು, ದೊಡ್ಡವರು. ದಯವಿಟ್ಟು ಇನ್ನಾದರೂ ಬಿಡಿ.

ಇನ್ನೊಂದು ಮುಖ್ಯ ಮಾತು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟು ಹಾಕಬೇಡಿ. ಮಂಡಲದ ವಿಷ ಇದ್ದಲ್ಲೇ ಮಾಂಸ ಕೆಡಿಸುತ್ತದೆ; ಕಟ್ಟಿದರೆ ರಕ್ತ ಓಡದೆ ಕೈಕಾಲೇ ಹೋಗಬಹುದು. ಕಟ್ಟು ಬಿಚ್ಚಿದಾಗ ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗುತ್ತದೆ. ಕೊಯ್ಯಬೇಡಿ, ಚೀಪಬೇಡಿ, ಹಾವಿನ ಕಲ್ಲು, ಮಂತ್ರ ಎಂದು ಹೊತ್ತು ಕಳೆಯಬೇಡಿ. ಬಳೆ, ಉಂಗುರ ತೆಗೆದು, ಕಚ್ಚಿದ ಕೈಯೋ ಕಾಲೋ ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ – ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಇದೆ; ಅದು ಇರುವುದು ಆಸ್ಪತ್ರೆಯಲ್ಲಿ. ಮತ್ತೆ ಹೇಳುತ್ತೇನೆ: ಕಟ್ಟು ಬೇಡ, ಆಸ್ಪತ್ರೆ ಬೇಕು. ಇದನ್ನು ಕಲಿತ ಮಗು ಮನೆಯಲ್ಲಿ ಅಜ್ಜನ ಜೀವವನ್ನೂ ಉಳಿಸಬಲ್ಲದು.

ಶಿಕ್ಷಕರೇ, ಮಕ್ಕಳನ್ನು ಕರೆದೊಯ್ಯುವ ಹಿಂದಿನ ದಿನ ಹೋಗಿ ಜಾಗ ನೋಡಿ ಬನ್ನಿ. ಪ್ರತಿವಿಷ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಕೇಳಿಟ್ಟುಕೊಳ್ಳಿ. ಮಕ್ಕಳು ಶೂ ಹಾಕಿರಲಿ. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನಕ್ಕೆ ಅವಕಾಶ ಸಿಕ್ಕರೆ ಖಂಡಿತ ಹೋಗಿ. ಸಿಗದಿದ್ದರೆ ಶಾಲೆಯ ಹಿಂದಿನ ಹೊಂಗೆಮರ ಸಾಕು. ಅದೇ ಮರವನ್ನು ವರ್ಷವಿಡೀ ನೋಡಿ, ಚಿಗುರು, ಹೂವು, ಕಾಯಿ ಯಾವಾಗ ಬಂತೆಂದು ಮಕ್ಕಳೇ ಬರೆದಿಡಲಿ. ಪೋಷಕರೇ, ಶನಿವಾರ ಬೆಳಗಿನ ಶಾಲೆಯ ಒಂದು ಪಿರಿಯಡ್ ಬಯಲಿಗೆ ಕೊಡಿ ಎಂದು ನೀವೇ ಹೆಡ್‌ಮಾಸ್ಟರನ್ನು ಕೇಳಿ, ಜೊತೆಗೆ ಹೋಗಲು ನೀವೂ ಬಿಡುವು ಮಾಡಿಕೊಳ್ಳಿ.