ಹದಿಹರೆಯದವರ ಆಟ, ಊಟ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಸದಸ್ಯರ ಸಾಮರ್ಥ್ಯಾಭಿವೃದ್ಧಿ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಳ್ಳಿಯ ಮಕ್ಕಳಿಗೆ ದೇಹಶ್ರಮ ತಾನಾಗಿಯೇ ಒದಗುತ್ತದೆ ಎಂಬ ನಂಬಿಕೆ ಬಹುಕಾಲದ್ದು. ಹೊಲಕ್ಕೆ ನಡೆದು, ಕೆರೆಯಲ್ಲಿ ಈಜಿ ಬೆಳೆದ ತಲೆಮಾರಿಗೆ ಅದು ನಿಜವಾಗಿತ್ತು. ಇಂದಿನ ಪ್ರೌಢಶಾಲಾ ವಿದ್ಯಾರ್ಥಿಯು ಬಸ್ಸಿನಲ್ಲಿ ಹೋಗಿ, ದಿನವಿಡೀ ಬೆಂಚಿನ ಮೇಲೆ ಕುಳಿತು, ಸಂಜೆ ಮನೆಪಾಠಕ್ಕೆ ತೆರಳಿ, ರಾತ್ರಿ ಮೊಬೈಲ್ ಹಿಡಿಯುತ್ತಾನೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಅಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. 2016ರ ಅಂಕಿಅಂಶಗಳಂತೆ ಜಗತ್ತಿನ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟ ಮುಟ್ಟಿರಲಿಲ್ಲ. ಹುಡುಗಿಯರ ಸ್ಥಿತಿ ಹುಡುಗರಿಗಿಂತಲೂ ಹಿಂದುಳಿದಿತ್ತು.

ಊಟದ ವಿಷಯವೂ ಇದಕ್ಕೆ ಹೊರತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದ ಮಗು ಬೇಗ ದಣಿಯುತ್ತದೆ. ದಣಿದ ಮಗು ಆಟದಿಂದ ದೂರ ಸರಿಯುತ್ತದೆ. ಅದನ್ನು ಸೋಮಾರಿತನವೆಂದು ಹಿರಿಯರು ತಪ್ಪು ತಿಳಿಯುತ್ತಾರೆ. ಅಕ್ಷರ ದಾಸೋಹದ ಬಿಸಿಯೂಟ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಮುಂಜಾನೆಯ ಬಸ್ಸು ಹಿಡಿಯುವ ಪಿಯುಸಿ ವಿದ್ಯಾರ್ಥಿನಿಗೆ ಎಷ್ಟೋ ದಿನ ಚಹಾ, ಬನ್ನು, ಚಿಪ್ಸ್ ಪೊಟ್ಟಣಗಳೇ ಗತಿ. ಹುರಳಿ, ಕಡಲೆ, ನುಗ್ಗೆಸೊಪ್ಪು ನಮ್ಮ ಹೊಲ–ಹಿತ್ತಿಲಲ್ಲೇ ಇವೆ. ಅವುಗಳೊಂದಿಗೆ ನಿಂಬೆರಸ ಸೇರಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಚಹಾ ಕುಡಿದರೆ ಕುಂದುತ್ತದೆ.

ಮಕ್ಕಳಿಗೆ ಬುದ್ಧಿ ಹೇಳುವುದು ಪೋಷಕರ, ಶಿಕ್ಷಕರ ಕೆಲಸ. ಆಡುವ ಜಾಗ ಮತ್ತು ಶಾಲೆಯ ಮುಂದಿನ ಬೀದಿ ಮಾತ್ರ ಪಂಚಾಯಿತಿಯ ಕೈಯಲ್ಲಿವೆ.

ಮೊದಲನೆಯದು ಮೈದಾನ. ಹೊಸ ಕಟ್ಟಡಕ್ಕೆ ಜಾಗ ಹುಡುಕುವಾಗ ಎಲ್ಲರ ಕಣ್ಣಿಗೆ ಮೊದಲು ಬೀಳುವುದು ಶಾಲೆಯ ಬಯಲೇ. ನೀರಿನ ಟ್ಯಾಂಕು, ಸಮುದಾಯ ಭವನ, ಕಾಮಗಾರಿಯ ಜಲ್ಲಿರಾಶಿ ಒಂದೊಂದಾಗಿ ಬಂದು, ಕೊನೆಗೆ ಖೋ ಖೋ ಅಂಕಣಕ್ಕೂ ಸ್ಥಳವುಳಿಯುವುದಿಲ್ಲ. ಮೈದಾನದ ಸರಹದ್ದನ್ನು ಅಳತೆ ಮಾಡಿಸಿ ಕಲ್ಲು ನೆಡಿಸುವುದು, ಅಲ್ಲಿ ಬೇರೆ ಕಟ್ಟಡಕ್ಕೆ ಅನುಮತಿ ನೀಡದಿರುವುದು ಅಗತ್ಯ.

ಎರಡನೆಯದು ಹುಡುಗಿಯರ ಪಾಲು. ಮೈದಾನವಿದ್ದರೂ ಶೌಚಾಲಯ, ಸಂಜೆಯ ದೀಪ, ನಿಗದಿತ ಸಮಯ ಇಲ್ಲದಿದ್ದರೆ ಹುಡುಗಿಯರು ಬರುವುದಿಲ್ಲ. ಹಿರಿಯರ ಸಭೆಯಲ್ಲಿ ಅವರು ಹೇಳಲಾರದ್ದನ್ನು ಮಕ್ಕಳ ಗ್ರಾಮಸಭೆಯಲ್ಲಿ ಕೇಳಿ ತಿಳಿಯಬೇಕು.

ಮೂರನೆಯದು ಅಂಗಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಕೊಬ್ಬು, ಉಪ್ಪು, ಸಕ್ಕರೆ ಅಧಿಕವಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಆ ಅಂತರದಲ್ಲಿ ಪಂಚಾಯಿತಿಯದೇ ಮಳಿಗೆಯಿದ್ದರೆ ಬಾಡಿಗೆಯ ಕರಾರಿನಲ್ಲಿ ಈ ಷರತ್ತನ್ನು ಸೇರಿಸುವುದು ಉಚಿತ. ಬಾಡಿಗೆ ಕುಗ್ಗೀತೆಂಬ ಆತಂಕ ಸಹಜ. ಅಂತಹ ಮಳಿಗೆಯನ್ನು ಸ್ವಸಹಾಯ ಸಂಘಕ್ಕೆ ವಹಿಸಿದರೆ ಉಸಲಿ, ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಮಜ್ಜಿಗೆ ಅಲ್ಲಿಯೇ ದೊರೆಯುತ್ತವೆ. ಸಂಘದ ಮಹಿಳೆಯರಿಗೂ ಆದಾಯವಾಗುತ್ತದೆ.

ಆದಕಾರಣ ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರೂ ವಿಷಯಗಳನ್ನು ಸೇರಿಸಿ, ನಿರ್ಣಯ ಕೈಗೊಂಡು, ಪ್ರತಿಯೊಂದಕ್ಕೂ ಜವಾಬ್ದಾರ ಸದಸ್ಯರನ್ನೂ ಗಡುವನ್ನೂ ನಡಾವಳಿಯಲ್ಲಿ ದಾಖಲಿಸಬೇಕೆಂದು ಕೋರಲಾಗಿದೆ.